ರಟ್ಟಿನ ಅಳತೆಯ ಸಂಜೀವಪ್ಪ

ಬೆಳಿಗ್ಗೆ ಐದೂಮುಕ್ಕಾಲು. ದೊಡ್ಡಬಳ್ಳಾಪುರದ ಹಿಂದೂಪುರ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ನಾಲ್ಕೈದು ಮನೆಗಳ ಮಗ್ಗಗಳು ಆಗಲೇ ಲಟಪಟ ಸದ್ದು ಶುರುಮಾಡಿವೆ. ಓಣಿಯ ತುದಿಯಲ್ಲಿ ಅರ್ಧ ಎತ್ತಿದ ಒಂದು ಷಟರ್. ಅದರ ಮೇಲೆ ಅಂಗಡಿಯ ಹೆಸರಿಲ್ಲ, ಬಿಳಿ ಬಣ್ಣದಲ್ಲಿ 'ಪಂಕ್ಚರ್' ಎಂದಷ್ಟೇ ಬರೆದಿದೆ. ಬಗ್ಗಿ ಒಳಗೆ ನುಗ್ಗಿದರೆ, ಐವತ್ತೆಂಟರ ಸಂಜೀವಪ್ಪ ಮಣೆಯ ಮೇಲೆ ಕೂತು ಒಂದು ಪುಟ್ಟ ಗಾಲಿಯನ್ನು ಎದುರಿಗಿಟ್ಟುಕೊಂಡು ಸ್ಪೋಕ್ ಕಡ್ಡಿ ಬಿಗಿಯುತ್ತಿದ್ದಾರೆ. ಪಕ್ಕದಲ್ಲಿ ಹೆಂಡತಿ ಮುತ್ಯಾಲಮ್ಮ, ಕೈಯಲ್ಲಿ ಕಾಫಿ ಲೋಟ.

ಮುತ್ಯಾಲಮ್ಮ ಕಾಫಿ ಕೊಡಲು ಬಂದವರೆಂದು ನಾನು ಅಂದುಕೊಂಡಿದ್ದೆ. ಅಲ್ಲ, ಅವರು ಕೆಲಸಕ್ಕೇ ಬಂದವರು. ಕಾಫಿ ಅವರದ್ದೇ. ಸಂಜೀವಪ್ಪ ಒಂದೊಂದೇ ಕಡ್ಡಿಯನ್ನು ಬೆರಳ ತುದಿಯಿಂದ ಮೀಟುತ್ತಾರೆ. ಮುತ್ಯಾಲಮ್ಮ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾ ತವರಿನ ತೆಲುಗಿನಲ್ಲಿ ಎಣಿಸುತ್ತಾರೆ. "ಪದಿ... ಪದಕೊಂಡು... ಪನ್ನೆಂಡು... ನಿಲ್ಲಿ, ಇದರ ಸದ್ದು ದಪ್ಪ ಐತೆ. ಅರ್ಧ ಸುತ್ತು ಬಿಗೀರಿ." ಸಂಜೀವಪ್ಪ ಬಿಗಿಯುತ್ತಾರೆ, ಮತ್ತೆ ಮೀಟುತ್ತಾರೆ. ಒಂದು ಪಕ್ಕದ ಹದಿನೆಂಟು, ಇನ್ನೊಂದು ಪಕ್ಕದ ಹದಿನೆಂಟು. ಆಯಾ ಪಕ್ಕದ ಕಡ್ಡಿಗಳೆಲ್ಲ ಒಂದೇ ದನಿಯಲ್ಲಿ ನುಡಿಯುವ ತನಕ ಗಂಡ ಹೆಂಡತಿ ಇಬ್ಬರೂ ಏಳುವುದಿಲ್ಲ.

"ಮಗ್ಗದ ಮಧ್ಯೆ ಇಪ್ಪತ್ತಾರು ವರ್ಷ ನಿಂತಿದ್ದೆ ಸಾರ್, ಸಣ್ಣ ಸದ್ದೆಲ್ಲ ಕಿವಿಯಿಂದ ಹೋಗ್ಬಿಟ್ಟವೆ," ಎನ್ನುತ್ತಾರೆ ಸಂಜೀವಪ್ಪ. "ಕಡ್ಡಿ ಸದ್ದು ಕೇಳ್ಸಲ್ಲ, ಗುಬ್ಬಿ ಸದ್ದು ಕೇಳ್ಸಲ್ಲ. ಇವಳು ಬಯ್ಯೋದು ಮಾತ್ರ ಚೆನ್ನಾಗಿ ಕೇಳ್ಸುತ್ತೆ."

"ಕೇಳ್ಸಿದ್ರೆ ಏನು ಬಂತು, ನಾಟ್ಬೇಕಲ್ಲ," ಎನ್ನುತ್ತಾರೆ ಮುತ್ಯಾಲಮ್ಮ, ಕಣ್ಣು ತೆರೆಯದೆ.

ಈ ಗಾಲಿ ಕೀರ್ತನ ಎಂಬ ಇಪ್ಪತ್ತೆರಡರ ಹುಡುಗಿಯದು. ಭಾನುವಾರ ಬೆಳಿಗ್ಗೆ ಅದು ನೆಲಕ್ಕಿಳಿಯಬೇಕು. ಅವಳ ತಾಯಿ ಮಮತ ಖುದ್ದಾಗಿ ಬಂದು ನಿಂತು ನೋಡುತ್ತಾರೆ. ಎರಡೂವರೆ ವರ್ಷದ ಹಿಂದೆ ಇದೇ ಸಂಜೀವಪ್ಪ ಮಾಡಿದ ಒಂದು ರಿಪೇರಿಯಿಂದ ಕೀರ್ತನಳ ಬಲ ಮಣಿಕಟ್ಟು ಮುರಿದಿತ್ತು. "ಈ ಸಲ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಮಗು ಇನ್ನು ಜೀವಮಾನದಲ್ಲಿ ಈ ಗಾಡಿ ಮುಟ್ಟಂಗಿಲ್ಲ," ಎನ್ನುತ್ತಾರೆ ಸಂಜೀವಪ್ಪ. ಇನ್ನೊಂದು ಕಡ್ಡಿ ಮೀಟಿ, "ನಾನೂ ಅಷ್ಟೇ," ಎಂದು ಸೇರಿಸುತ್ತಾರೆ.

ಸೈಕಲ್ಲೆಂದರೆ ಸೈಕಲ್ಲು, ಅದರಲ್ಲೇನು ಮಹಾ ಎಂದುಕೊಂಡವನು ನಾನು. ಈ ಅಂಗಡಿಯಲ್ಲಿ ಮೂರು ಬೆಳಿಗ್ಗೆ ಕೂತ ಮೇಲೆ ಆ ಸೊಕ್ಕು ಇಳಿದಿದೆ. ಕೀರ್ತನ ಓಡಿಸುವುದು ಫ್ಲಾಟ್‌ಲ್ಯಾಂಡ್ ಬಿಎಂಎಕ್ಸ್ ಎಂಬ ಜಾತಿಯ ಗಾಡಿ. ಅದರಲ್ಲಿ ಯಾವ ಊರಿಗೂ ಹೋಗುವಂತಿಲ್ಲ. ಸಪಾಟು ನೆಲದ ಮೇಲೆ ಹತ್ತಡಿ ಜಾಗದಲ್ಲಿ ಅದರ ಜೊತೆ ಕುಣಿಯಬೇಕು. ಗಾಲಿಯ ಅಚ್ಚಿನ ಎರಡೂ ತುದಿಗೆ ಮೊಳಕೆಯ ಹಾಗೆ ಚಾಚಿದ ಪೆಗ್ ಎಂಬ ಕೊಳವೆಗಳಿರುತ್ತವೆ. ಅವುಗಳ ಮೇಲೆ ಪಾದವೂರಿ, ಗಾಡಿಯನ್ನು ಒಂದೇ ಗಾಲಿಯ ಮೇಲೆ ಎಬ್ಬಿಸಿ, ಬುಗುರಿಯಂತೆ ತಿರುಗಿಸಿ, ಹಿಂದಕ್ಕೆ ಉರುಳುತ್ತಾ ಹೋಗಬೇಕು. ನೋಡಿದರೆ ನಮ್ಮ ಎದೆ ಝಲ್ಲೆನ್ನುತ್ತದೆ, ಓಡಿಸುವವರು ಮಾತ್ರ ಸುಮ್ಮನೆ ಚೂಯಿಂಗ್ ಗಮ್ ಅಗಿಯುತ್ತಿರುತ್ತಾರೆ.

ಇಂಥ ಗಾಡಿ ನಮ್ಮ ಕಡೆ ಇಡಿಯಾಗಿ ಸಿಗುವುದು ಅಪರೂಪ. ಫ್ರೇಮು ಒಂದು ಕಡೆಯಿಂದ, ಗಾಲಿಯ ನಡುವಿನ ಹಬ್ಬು ಇನ್ನೊಂದು ಕಡೆಯಿಂದ, ರಿಮ್ಮು ಯಾರೋ ಬಿಟ್ಟುಹೋದ ಹಳೆಯದು. ಮೊಬೈಲಿನಲ್ಲಿ ನೋಡಿ ಮೆಚ್ಚಿ ತರಿಸಿದ ಭಾಗಗಳು ಮನೆಗೆ ಬಂದ ಮೇಲೆ ಎತ್ತು ಏರಿಗೆ, ಕೋಣ ನೀರಿಗೆ. ಅಚ್ಚು ದಪ್ಪ, ಫ್ರೇಮಿನ ಸೀಳು ಸಣ್ಣ. ರಿಮ್ಮಿಗೆ ನಲವತ್ತೆಂಟು ತೂತು, ಹಬ್ಬಿಗೆ ಮೂವತ್ತಾರು. ಆಗ ದೇವನಹಳ್ಳಿ, ಹೊಸಕೋಟೆ, ಯಲಹಂಕ ಕಡೆಯ ಹುಡುಗ ಹುಡುಗಿಯರು ಮೂಟೆ ಕಟ್ಟಿಕೊಂಡು ಬರುವುದು ಈ 'ಪಂಕ್ಚರ್' ಅಂಗಡಿಗೆ. ಇಲ್ಲಿಯ ತನಕ ಸಂಜೀವಪ್ಪ ಜೋಡಿಸಿದ ಇಂಥ ಗಾಡಿಗಳು ನಲವತ್ತೊಂದು. ಕೀರ್ತನಳದು ನಲವತ್ತೆರಡನೆಯದು.

ಸಂಜೀವಪ್ಪ ತ್ಯಾಮಗೊಂಡ್ಲು ಹೋಬಳಿಯ ರೈತ ಮನೆತನದವರು. ಅಣ್ಣ ಈಗಲೂ ಅಲ್ಲಿ ರಾಗಿ ಬೆಳೆಯುತ್ತಾರೆ. ಇವರಿಗೆ ಚಿಕ್ಕಂದಿನಿಂದಲೂ ಹೊಲಕ್ಕಿಂತ ಪಂಪ್‌ಸೆಟ್ಟಿನ ಮೇಲೆ ಕಣ್ಣು. ಹತ್ತೊಂಬತ್ತನೇ ವಯಸ್ಸಿಗೆ ದೊಡ್ಡಬಳ್ಳಾಪುರಕ್ಕೆ ಬಂದು, ಹನ್ನೆರಡು ಮಗ್ಗಗಳ ಒಂದು ಶೆಡ್ಡಿನಲ್ಲಿ ಫಿಟ್ಟರ್ ಆದರು. ಮುತ್ಯಾಲಮ್ಮ ಅದೇ ಶೆಡ್ಡಿನ ಹೊರಗಿನ ಜಗಲಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಹೊರಗೆ ಕೂತದ್ದರಿಂದ ಅವರ ಕಿವಿ ಉಳಿದಿದೆ. ಮಗ್ಗದಲ್ಲಿ ಯಾವ ಭಾಗ ಸಡಿಲಾದರೂ ಸೀರೆಯ ಮೇಲೆ ಗೆರೆ ಬೀಳುತ್ತದೆ. ಸಡಿಲವನ್ನು ಹುಡುಕುವುದು, ತೆಗೆಯುವುದು, ಇದೇ ಸಂಜೀವಪ್ಪನವರ ನೌಕರಿ. "ಲೊಡಲೊಡ ಅಂದಿದ್ದು ಕಂಡ್ರೆ ಕೈ ಸುಮ್ನಿರಲ್ಲ ಸಾರ್. ಮದುವೆ ಮನೇಲಿ ಊಟಕ್ಕೆ ಕೂತಾಗ ಟೇಬಲ್ ಅಲ್ಲಾಡಿದ್ರೆ ಅದರ ಕಾಲಿಗೆ ಕಾಗ್ದ ಮಡಚಿ ಕೊಟ್ಟು ಎದ್ದಿದ್ದೀನಿ."

ಶೆಡ್ಡಿನ ಯಜಮಾನರು ಮಗ್ಗಗಳನ್ನು ಮಾರಿದ ವರ್ಷ ಸಂಜೀವಪ್ಪನವರಿಗೆ ನಲವತ್ತೈದು. ಬೇರೆ ಶೆಡ್ಡುಗಳಲ್ಲಿ ಆಗ ಹೊಸ ಕಾಲದ ಮಗ್ಗಗಳು, ಅವಕ್ಕೆ ಕಂಪನಿಯವರದ್ದೇ ಫಿಟ್ಟರುಗಳು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಆರು ತಿಂಗಳು ಸುಮ್ಮನೆ ಕೂತರು. ಆ ಆರು ತಿಂಗಳ ಮಾತು ಬಂದರೆ ಈಗಲೂ ವಿಷಯ ಬದಲಿಸುತ್ತಾರೆ. ಆಮೇಲೆ ಪಂಕ್ಚರ್ ಅಂಗಡಿ ಹಾಕಿದರು. ದಿನಕ್ಕೆ ಹನ್ನೆರಡು ಹದಿನೈದು ಪಂಕ್ಚರು, ನಾಲ್ಕೈದು ಬ್ರೇಕ್ ವೈರು, ಬೆಂಡ್ ತೆಗೆಯಬೇಕಾದ ಎರಡು ಮೂರು ಗಾಲಿ. ಶಾಲೆ ತೆರೆಯುವ ತಿಂಗಳಲ್ಲಿ ಇದರ ದುಪ್ಪಟ್ಟು. ಈಗ ಸೊಂಟ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಅದಕ್ಕೇ ಮಣೆ.

ಅಂಗಡಿಯ ಗೋಡೆಯ ತುಂಬ ಮೊಳೆಗಳು, ಮೊಳೆಗಳಿಗೆ ರಟ್ಟಿನ ಚೂರುಗಳು ನೇತಾಡುತ್ತವೆ. ಒಟ್ಟು ನೂರ ಹದಿನೇಳು ಎಂದು ಮುತ್ಯಾಲಮ್ಮ ಲೆಕ್ಕ ಕೊಡುತ್ತಾರೆ. ಸೀರೆಯ ಅಂಚಿಗೆ ಹೂವು, ಮಾವಿನಕಾಯಿ ಮೂಡಿಸಲು ಮಗ್ಗದ ಮೇಲೆ ಏರಿಸುತ್ತಿದ್ದ ತೂತು ತೂತಿನ ಜಕಾರ್ಡ್ ರಟ್ಟುಗಳು ಅವು. ಶೆಡ್ಡು ಮುಚ್ಚಿದಾಗ ಅವನ್ನು ಒಲೆಗೆ ಹಾಕಲು ಹೊರಟಿದ್ದರು, ಸಂಜೀವಪ್ಪ ಎರಡು ಚೀಲ ಹೊತ್ತು ತಂದಿದ್ದರು. ಕೈಗೆ ಬಂದ ಪ್ರತಿ ಹೊಸ ಭಾಗದ ಅಳತೆಯನ್ನೂ ಅದರಲ್ಲಿ ಕತ್ತರಿಸಿಡುತ್ತಾರೆ. ಅಚ್ಚಿನ ದಪ್ಪಕ್ಕೊಂದು ಸೀಳು, ಪೆಡಲಿನ ಬೇರಿಂಗು ಕೂರುವ ಕೊಳವೆಗೊಂದು ಬಿಲ್ಲೆ, ಹಿಂದಿನ ಗಾಲಿಗೂ ಫ್ರೇಮಿನ ಕಂಬಕ್ಕೂ ನಡುವಿನ ಸಂದಿಗೊಂದು ಪಟ್ಟಿ. ಹಳೆ ಮಾವಿನಕಾಯಿಯ ತೂತುಗಳು ಅವುಗಳ ಮೈಮೇಲೆ ಹಾಗೇ ಇವೆ.

ಯಾರಾದರೂ ಬಂದು 'ಈ ಫ್ರೇಮ್ ಆರ್ಡರ್ ಮಾಡ್ಲಾ' ಎಂದರೆ ಅವರು ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ. ಗೋಡೆಯಿಂದ ಎರಡು ರಟ್ಟು ಬಿಚ್ಚಿ ಕೊಡುತ್ತಾರೆ. "ಮಾರೋನಿಗೆ ಫೋನ್ ಮಾಡಿ ಈ ಅಳತೆ ಕೇಳು. ಹೇಳ್ದೇ ಇದ್ರೆ ಕೊಳ್ಬೇಡ." ಕೇಳದೆ ಕೊಂಡವರಿಗೂ ಬಯ್ಯುವುದಿಲ್ಲ. ಬೋಲ್ಟು ಬಿಗಿಯದೆ ಎಲ್ಲವನ್ನೂ ಸುಮ್ಮನೆ ಕೂರಿಸಿ, ಅವರ ಮಾತಿನಲ್ಲಿ 'ಒಣಜೋಡಣೆ' ಮಾಡಿ, ಮೂರು ದಿನ ಮೊಳೆಗೆ ತೂಗುಹಾಕುತ್ತಾರೆ. ಮೂರು ದಿನ ಹೋಗುತ್ತಾ ಬರುತ್ತಾ ನೋಡುತ್ತಾರೆ. "ಮೊದಲ್ನೇ ದಿನ ಎಲ್ಲಾ ಕೂತಂಗೇ ಕಾಣ್ತದೆ. ಮೂರನೇ ದಿನಕ್ಕೆ ಯಾವುದು ಮುನಿಸ್ಕೊಂಡೈತೆ ಅಂತ ಗೊತ್ತಾಗೋದು."

ಇಷ್ಟು ಬುದ್ಧಿಯುಳ್ಳವರು ತಪ್ಪಿದ್ದಾದರೂ ಎಲ್ಲಿ? ಅದನ್ನು ಅವರೇ ಹೇಳುತ್ತಾರೆ, ಮರೆಮಾಚದೆ.

ಆಗ ಕೀರ್ತನ ಹತ್ತೊಂಬತ್ತರ ಹುಡುಗಿ. ಡಿಪ್ಲೊಮಾ ಓದುತ್ತಿದ್ದಳು. ಹಿಂದಿನ ಗಾಲಿ ಪಂಕ್ಚರ್ ಆಗಿದೆ ಎಂದು ಗಾಡಿಯನ್ನು ಬಿಟ್ಟುಹೋದಳು. ಸಂಜೀವಪ್ಪ ಪಂಕ್ಚರ್ ಹಾಕಿದರು, ಗಾಲಿ ಏರಿಸಿದರು, ಪೆಡಲು ತುಳಿದು ನೋಡಿದರು. ಪೆಡಲು ಕಾಲು ಸುತ್ತಿನಷ್ಟು ಖಾಲಿ ಹೋಗಿ ಆಮೇಲೆ ಹಿಡಿಯಿತು. ಅಂಥ ಹಬ್ಬನ್ನು ಅವರು ಅದುವರೆಗೆ ಕಂಡಿರಲಿಲ್ಲ. ಹಬ್ಬಿನಲ್ಲಿ ಇಷ್ಟೊಂದು ಸಡಿಲ. ಅಯ್ಯೋ, ಈ ಹುಡುಗಿಗೆ ಯಾರೋ ಹಳೇ ಮಾಲು ಗಂಟುಹಾಕಿದ್ದಾರೆ ಎಂದು ಮರುಗಿದರು. ಹಬ್ಬು ಬಿಚ್ಚಿ, ಒಳಗೆ ತೆಳುವಾದೊಂದು ವಾಷರ್ ಕೊಟ್ಟು, ಸಡಿಲವನ್ನು ಪೂರ್ತಿ ತೆಗೆದರು. ಇದಕ್ಕೆಂದು ಏನೂ ತೆಗೆದುಕೊಳ್ಳಲಿಲ್ಲ. ಅವಳಿಗೆ ಹೇಳಲೂ ಇಲ್ಲ.

ಆ ಸಡಿಲ ಬೇಕೆಂದೇ ಇಟ್ಟದ್ದು. ಫ್ರೀಕೋಸ್ಟರ್ ಎಂಬ ಆ ಹಬ್ಬಿನ ಗುಣವೇ ಅದು. ಗಾಡಿ ಹಿಂದಕ್ಕೆ ಉರುಳುವಾಗ ಪೆಡಲುಗಳು ಹಿಂದಕ್ಕೆ ತಿರುಗದೆ ನಿಂತಲ್ಲೇ ನಿಲ್ಲುವುದು ಆ ಖಾಲಿ ಜಾಗದ ದಯೆಯಿಂದ. ಅದಿಲ್ಲದಿದ್ದರೆ ಪಾದ ಒಂಚೂರು ಅದುಮಿದರೂ ಹಬ್ಬು ಒಳಗೆ ಕಚ್ಚಿಕೊಂಡು, ಪೆಡಲು ಗಾಲಿಯ ಜೊತೆ ಹಿಂದಕ್ಕೆ ಸುತ್ತುತ್ತದೆ. ಮಾರನೇ ದಿನ ಕೀರ್ತನ ಹಿಂದಕ್ಕೆ ಉರುಳುತ್ತಿದ್ದಾಗ ಆದದ್ದು ಅದೇ. ಪೆಡಲು ತಿರುಗಿ ಮೊಣಕಾಲಿನ ಕೆಳಗೆ ಬಡಿಯಿತು, ಅವಳು ಬಲಗೈ ಊರಿ ಬಿದ್ದಳು. ಮಣಿಕಟ್ಟಿಗೆ ಪ್ಲೇಟ್ ಹಾಕಿದರು.

"ಕೇಳ್ದೇ ಇದ್ದ ರಿಪೇರಿ ಸಾರ್ ಅದು," ಎನ್ನುತ್ತಾರೆ ಸಂಜೀವಪ್ಪ. ಮುತ್ಯಾಲಮ್ಮನವರ ತೀರ್ಪು ಇನ್ನೂ ನೇರ: "ಇರಲಾರದೆ ಇರುವೆ ಬಿಟ್ಕೊಂಡ್ರು. ತಮ್ಮ ಮೈಮೇಲೆ ಬಿಟ್ಕೊಂಡಿದ್ರೆ ಚೆನ್ನಾಗಿತ್ತು, ಆ ಮಗೀನ ಮೇಲೆ ಬಿಟ್ರು."

ಕೀರ್ತನ ಗಾಡಿಯಿಂದ ಜಾರಿಬಿದ್ದೆ ಎಂದಷ್ಟೇ ಮನೆಯಲ್ಲಿ ಹೇಳಿದ್ದಳು. "ಬೀಳೋ ಹೊತ್ತಿಗೇ ನಂಗೆ ಗೊತ್ತಾಗಿತ್ತು, ಹಬ್ ಯಾರೋ ಮುಟ್ಟಿದ್ದಾರೆ ಅಂತ," ಎಂದು ಈಗ ಹೇಳುತ್ತಾಳೆ. "ಆದ್ರೆ ಅಂಕಲ್ ಹೆಸರು ಹೇಳಿದ್ರೆ ಊರಲ್ಲಿ ಅವರ ಅಂಗಡಿಗೆ ಯಾರು ಬರ್ತಾರೆ? ಅದಕ್ಕೇ ಸುಮ್ನಾದೆ." ಅವಳ ಗಾಡಿ ಮೂರು ತಿಂಗಳ ಮೇಲೆ ಮಾರಾಟಕ್ಕೆಂದು ಅದೇ ಅಂಗಡಿಗೆ ಬಂತು. ಕೊಳ್ಳಲು ಬಂದ ಹುಡುಗ ಹಬ್ಬಿನ ಸಡಿಲ ಹುಡುಕಿ, ಸಿಗದೆ, 'ಯಾರಣ್ಣ ಇದನ್ನ ಹಾಳು ಮಾಡಿದ್ದು' ಎಂದು ಕೇಳಿದಾಗ ಸಂಜೀವಪ್ಪ ಹಬ್ಬು ಬಿಚ್ಚಿದರು. ಒಳಗೆ ತಾವೇ ಇಟ್ಟ ವಾಷರ್ ಇತ್ತು. ಅಂದು ಸಂಜೆಯೇ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮಮತ ಅವರ ಮನೆಗೆ ಹೋದರು.

ಹೋಗದಿದ್ದರೆ ಕೀರ್ತನಳನ್ನು ಬಿಟ್ಟು ಇನ್ಯಾರಿಗೂ ತಿಳಿಯುತ್ತಿರಲಿಲ್ಲ. ಈ ಮಾತನ್ನು ನಾನು ಅಂದಾಗ ಅವರಿಗೆ ಅರ್ಥವೇ ಆಗಲಿಲ್ಲ. "ನಂಗೆ ತಿಳೀತಲ್ಲ ಸಾರ್," ಎಂದರು.

ಮಮತ ಮನೆಯಲ್ಲೇ ರವಿಕೆ ಹೊಲಿಯುವವರು. ಗಂಡ ಇಲ್ಲ, ಇರುವುದು ಒಬ್ಬಳೇ ಮಗಳು. ವಾಷರನ್ನು ಕೈಯಲ್ಲಿ ಹಿಡಿದು ನೋಡಿದರಂತೆ. ಜೋರು ಮಾಡಲಿಲ್ಲ. "ಇನ್ಮೇಲೆ ನಮ್ಮನೆ ಒಂದು ಬೋಲ್ಟೂ ಮುಟ್ಬೇಡಿ ಅಣ್ಣ," ಎಂದು ಬಾಗಿಲು ಹಾಕಿಕೊಂಡರು. ಅಂದಿನಿಂದ ಸಂಜೀವಪ್ಪ ಆ ಬೀದಿಯಲ್ಲಿ ಹಾದುಹೋಗುವಾಗ ಸೈಕಲ್ಲಿಂದ ಇಳಿದು ತಳ್ಳಿಕೊಂಡು ಹೋಗುತ್ತಾರೆ.

ಇನ್ನೊಬ್ಬರಾಗಿದ್ದರೆ ಬಿಎಂಎಕ್ಸ್ ಸಹವಾಸವೇ ಸಾಕು ಎನ್ನುತ್ತಿದ್ದರು. ಸಂಜೀವಪ್ಪ ಉಲ್ಟಾ ಮಾಡಿದರು. ಆ ಗಾಡಿಯನ್ನು ತಾವೇ ಕೊಂಡರು. ಹಬ್ಬನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ, ಎಷ್ಟು ಸಡಿಲಕ್ಕೆ ಪೆಡಲು ನಿಲ್ಲುತ್ತದೆ, ಎಷ್ಟಕ್ಕೆ ಕಚ್ಚುತ್ತದೆ ಎಂದು ಒಂದು ವರ್ಷ ನೋಡಿದರು. ಬೇರೆಬೇರೆ ಹಬ್ಬುಗಳಿಗೆ ಬೇರೆಬೇರೆ ಅಳತೆಯ ರಟ್ಟುಗಳು ಗೋಡೆ ಸೇರಿದವು. ಅವುಗಳ ಮೇಲೆಲ್ಲ ದಪ್ಪ ಅಕ್ಷರದಲ್ಲಿ 'ಇದು ಸಡಿಲ ಇರಬೇಕು' ಎಂದು ಬರೆದಿದ್ದಾರೆ. ಒಂದು ಕಟ್ಟಳೆಯನ್ನೂ ಮಾಡಿಕೊಂಡರು. ಗಾಡಿ ತಂದವರು ಬಾಯಿಬಿಟ್ಟು ಹೇಳಿದ ಕೆಲಸವಷ್ಟೇ ಮಾಡುವುದು. ಮತ್ತೇನಾದರೂ ಕಂಡರೆ ಮೊದಲು ಕೇಳುವುದು. ಕೇಳಲು ಜನ ಇಲ್ಲದಿದ್ದರೆ ಕೈ ತೊಳೆದುಕೊಂಡು ಕೂರುವುದು. ಮಗ್ಗದ ಫಿಟ್ಟರಿಗೆ ಇದು ಉಪವಾಸಕ್ಕಿಂತ ಕಷ್ಟದ ವ್ರತ.

ಕೀರ್ತನ ಈಗ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುತ್ತಾಳೆ. ಆರು ತಿಂಗಳ ಹಿಂದೆ, ಕಂಪನಿ ಬಸ್ಸಿಗೆ ಹೋಗುವ ಮುಂಚೆ ಅಂಗಡಿಯ ಮುಂದೆ ಬಂದು ನಿಂತಳು. "ಅಂಕಲ್, ಮತ್ತೆ ಶುರು ಮಾಡ್ಬೇಕು. ನೀವೇ ಜೋಡಿಸ್ಕೊಡಿ."

ಸಂಜೀವಪ್ಪ ಕೇಳಿದ್ದು ಒಂದೇ. "ಅಮ್ಮನ್ನ ಕೇಳಿದ್ಯಾ?"

ಅಮ್ಮನನ್ನು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಮಮತ ಕೊನೆಗೆ ಹಾಕಿದ ಷರತ್ತು, ಮೊದಲ ದಿನ ತಾನು ಎದುರಿಗಿರಬೇಕು, ತನಗೆ ಸರಿ ಕಾಣದಿದ್ದರೆ ಅಲ್ಲಿಗೆ ಮುಗಿಯಿತು.

ಫ್ರೇಮು ಆರಿಸುವ ಕೆಲಸದಲ್ಲಿ ಅಂಕಲ್ಲಿಗೂ ಹುಡುಗಿಗೂ ಸಣ್ಣ ಯುದ್ಧವೇ ನಡೆಯಿತು. ಕೀರ್ತನ ಮೊಬೈಲಿನಲ್ಲಿ ತೋರಿಸಿದ್ದು ನೇರಳೆ ಬಣ್ಣದ, ಕಣ್ಣು ಕುಕ್ಕುವ ಫ್ರೇಮು. ಸಂಜೀವಪ್ಪ ಚಿತ್ರವನ್ನು ನೋಡಲೇ ಇಲ್ಲ, ಹಿಂದಿನ ಗಾಲಿ ಹಿಡಿಯುವ ಕವಲು ಎಷ್ಟುದ್ದ ಎಂದು ಕೇಳಿದರು. "ಅದು ಜಿಗಿಯೋ ಗಾಡಿ ಕಣಮ್ಮ. ಜಿಗಿಯೋದಕ್ಕೆ ಬಾಲ ಉದ್ದ ಇರ್ಬೇಕು, ಕುಣಿಯೋದಕ್ಕೆ ಮೋಟು ಬಾಲ. ಉದ್ದ ಬಾಲ ಹಾಕ್ಕೊಂಡು ಹಿಂದಿನ ಗಾಲಿ ಮೇಲೆ ನಿಲ್ಲೋಕೋದ್ರೆ ಗಾಡಿ ನಿನ್ನ ಎಳೀತದೆ." ಅವಳಿಂದ ಕೊಂಡಿದ್ದ ಹಳೆ ಗಿಣಿಹಸಿರು ಗಾಡಿಯ ಮೇಲೆ ಅವಳನ್ನು ಕೂರಿಸಿ, ನೆಲದ ಮೇಲೆ ಬರೆದ ಸೀಮೆಸುಣ್ಣದ ವೃತ್ತದಲ್ಲಿ ತಾವೇ ಹಿಡಿದು ಸುತ್ತಿಸಿದರು. ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತದೆಯೇ ಎಂದು ಬಗ್ಗಿ ನೋಡಿ, ಮೇಲಿನ ಕಂಬ ಇಷ್ಟೇ ಉದ್ದವಿರಬೇಕೆಂದು ರಟ್ಟು ಕತ್ತರಿಸಿದರು. ಆ ರಟ್ಟಿಗೆ ಹೊಂದಿದ್ದು ಬೂದು ಬಣ್ಣದ ಫ್ರೇಮು. ಕೀರ್ತನ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ರಿಮ್ಮಿನದು ಇನ್ನೊಂದು ಪಂಚಾಯಿತಿ. ಹಳೆ ಗಾಡಿಯ ಕೆಂಪು ರಿಮ್ಮೇ ಬೇಕೆಂದು ಹುಡುಗಿಯ ಹಟ. ಅದಕ್ಕೆ ನಲವತ್ತೆಂಟು ತೂತು, ಹೊಸ ಹಬ್ಬಿಗೆ ಮೂವತ್ತಾರು. ಹನ್ನೆರಡು ತೂತು ಖಾಲಿ ಬಿಟ್ಟು ಕಟ್ಟಿಕೊಡಿ ಎಂದಳಂತೆ. "ಹನ್ನೆರಡು ಹಲ್ಲು ಕಿತ್ತು ಚಕ್ಕುಲಿ ತಿನ್ನು ಅಂದಂಗಾಯ್ತು," ಎಂದು ಸಂಜೀವಪ್ಪ ಒಪ್ಪದೆ, ಮೂವತ್ತಾರು ತೂತಿನ ರಿಮ್ಮನ್ನೇ ತರಿಸಿದರು. ಅಚ್ಚು ಮಾತ್ರ ಮೊದಲ ಸಲಕ್ಕೇ ಹೊಂದಿತು. ಹದಿನಾಲ್ಕು ಮಿಲಿಮೀಟರಿನ ಅಚ್ಚು, ಅಷ್ಟೇ ಅಗಲದ ಸೀಳು. ಪೆಗ್ಗಿನ ಮೇಲೆ ನಿಂತವರ ಇಡೀ ಭಾರ ಹೊರುವುದು ಆ ಅಚ್ಚು. ತೆಳು ಅಚ್ಚಿಗೆ ಪಟ್ಟಿ ಸುತ್ತಿ ಕೂರಿಸುವವರ ಹೆಸರೆತ್ತಿದರೆ ಸಂಜೀವಪ್ಪನವರ ಮುಖ ಹುಳ್ಳಗಾಗುತ್ತದೆ.

ಒಣಜೋಡಣೆಯ ಮೂರನೇ ದಿನ ಚೈನು ಮುನಿಸಿಕೊಂಡಿತು. ಒಂದು ಕೊಂಡಿ ತೆಗೆದರೆ ಮೋಟು, ಬಿಟ್ಟರೆ ಗಾಲಿ ಸೀಳಿನಲ್ಲಿ ತೀರ ಹಿಂದಕ್ಕೆ ಹೋಗುತ್ತದೆ, ಇಷ್ಟೆಲ್ಲ ಹುಡುಕಿ ತಂದ ಮೋಟು ಬಾಲ ಉದ್ದವಾಗುತ್ತದೆ. ಅರ್ಧ ಕೊಂಡಿ ಎಂಬ ಚಿಕ್ಕ ತುಣುಕೊಂದನ್ನು ಹುಡುಕಿಕೊಂಡು ಸಂಜೀವಪ್ಪ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಬಂದರು. ಬೆರಳ ಉಗುರಿನಷ್ಟಿದೆ ಅದು.

ಭಾನುವಾರ ಆರೂವರೆಗೆ ನಾವೆಲ್ಲ ಆ ಹಳೆ ಮಗ್ಗದ ಶೆಡ್ಡಿನಲ್ಲಿದ್ದೇವೆ. ಬೆಳಗಿನ ಹೊತ್ತು ಹುಡುಗರು ಗಾಡಿ ಓಡಿಸಿಕೊಳ್ಳಲಿ ಎಂದು ಯಜಮಾನರ ಮಗ ಬೀಗದಕೈಯನ್ನು ಸಂಜೀವಪ್ಪನವರ ಕೈಗೇ ಕೊಟ್ಟಿದ್ದಾರೆ. ಹನ್ನೆರಡು ಮಗ್ಗಗಳ ಬೋಲ್ಟು ಕಿತ್ತ ನಲವತ್ತೆಂಟು ತೂತುಗಳಿಗೆ ಅವರೇ ಸಿಮೆಂಟು ಮೆತ್ತಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ್ದಾರೆ. ಆ ನೆಲದಲ್ಲಿ ಈಗಲೂ ಮಗ್ಗಗಳ ಲೆಕ್ಕವೇ ನಡೆಯುತ್ತದೆ. "ಮೂರನೇ ಮಗ್ಗದಿಂದ ಶುರು ಮಾಡಿ ಒಂಬತ್ತನೇ ಮಗ್ಗದ ತನಕ ಹಿಂದಕ್ಕೆ ಬಾ," ಎನ್ನುತ್ತಾರೆ. ಕಾಣದ ಮಗ್ಗಗಳು ಎಲ್ಲಿವೆಯೆಂದು ಕೀರ್ತನಳಿಗೂ ಗೊತ್ತು.

ಮಮತ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದಾರೆ. ಕೀರ್ತನ ಹೆಲ್ಮೆಟ್ ಹಾಕಿಕೊಂಡು ಗಾಡಿಗೆ ಕೈಚಾಚುತ್ತಾಳೆ. ಸಂಜೀವಪ್ಪ ಗಾಡಿಯನ್ನು ಅವಳಿಗೆ ಕೊಡುವುದಿಲ್ಲ. ತಳ್ಳಿಕೊಂಡು ನೇರ ಮಮತ ಅವರ ಮುಂದೆ ಹೋಗಿ ನಿಲ್ಲಿಸುತ್ತಾರೆ.

"ಮೊದ್ಲು ನೀವು ನೋಡಿ ಅಮ್ಮ. ಹಿಂದಕ್ಕೆ ತಳ್ಳಿ."

ಮಮತ ಅನುಮಾನಿಸುತ್ತಲೇ ಹ್ಯಾಂಡಲ್ ಹಿಡಿದು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳುತ್ತಾರೆ. ಗಾಲಿಗಳು ಉರುಳುತ್ತವೆ. ಪೆಡಲುಗಳು ಅಲುಗುವುದಿಲ್ಲ. ಆಮೇಲೆ, ಹೊಲಿಗೆ ಯಂತ್ರ ಬಲ್ಲ ಕೈ ಅಲ್ಲವೇ, ಬಗ್ಗಿ ಪೆಡಲನ್ನು ಮುಂದಕ್ಕೆ ಒತ್ತಿ ನೋಡುತ್ತಾರೆ. ಅದು ಕಾಲು ಸುತ್ತು ಖಾಲಿ ಹೋಗುತ್ತದೆ. ಅವರ ಹುಬ್ಬು ಗಂಟಿಕ್ಕುತ್ತದೆ.

"ಇದ್ಯಾಕಣ್ಣ ಇಷ್ಟು ಸಡಿಲ ಐತೆ? ಸ್ವಲ್ಪ ಬಿಗಿ ಮಾಡ್ಬಾರ್ದಾ?"

ಸಂಜೀವಪ್ಪ ಹ್ಯಾಂಡಲ್ ಹಿಡಿದುಕೊಳ್ಳುತ್ತಾರೆ. "ಅದು ಹಂಗೇ ಇರ್ಬೇಕಮ್ಮ," ಎನ್ನುತ್ತಾರೆ ಮೆಲ್ಲಗೆ. "ನಂಗೂ ಅವತ್ತು ಹಂಗೇ ಅನ್ನಿಸ್ತು."

ಮಮತ ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡುತ್ತಾರೆ. ಸಂಜೀವಪ್ಪನವರ ಮುಖ ನೋಡುತ್ತಾರೆ. ಅಂದು ಕೈಯಲ್ಲಿ ವಾಷರ್ ಹಿಡಿದು ಬಂದಿದ್ದ ಮನುಷ್ಯನ ಮಾತು ಅವರಿಗೆ ತಿಳಿದದ್ದು ಈಗ ಎಂದು ನನಗೆ ಅನಿಸುತ್ತದೆ. ಅವರು ಗಾಡಿಯನ್ನು ಮಗಳ ಕೈಗೆ ಕೊಡುತ್ತಾರೆ.

ಮೊದಲ ಸಲ ಕೀರ್ತನ ಐದನೇ ಮಗ್ಗಕ್ಕೇ ಕಾಲು ಕೆಳಗಿಟ್ಟುಬಿಡುತ್ತಾಳೆ. ಎರಡನೇ ಸಲ ಏಳಕ್ಕೆ. ಮೂರನೇ ಸಲ ಹಿಂದಕ್ಕೆ ಉರುಳತೊಡಗಿ, ಎಡಗಾಲನ್ನು ಪೆಗ್ಗಿಗೆ ಏರಿಸಿ, ಬಲಗಾಲನ್ನು ಪೆಡಲಿನ ಮೇಲೆ ಬಿಟ್ಟು, ತಲೆ ತಿರುಗಿಸಿ ಬೆನ್ನ ಹಿಂದಿನ ನೆಲವನ್ನು ನೋಡುತ್ತಾ ಬರುತ್ತಾಳೆ. ನಾವೆಲ್ಲ ಅವಳನ್ನು ನೋಡುತ್ತಿದ್ದೇವೆ. ಸಂಜೀವಪ್ಪ ಮಾತ್ರ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಪೆಡಲನ್ನು ನೋಡುತ್ತಿದ್ದಾರೆ. ಆರು, ಏಳು, ಎಂಟು. ಒಂಬತ್ತನೇ ಮಗ್ಗ ದಾಟಿ ಅವಳು ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಬಲ ಮಣಿಕಟ್ಟನ್ನು ಮಡಚಿ ಬಿಚ್ಚಿ ನೋಡಿಕೊಂಡು ನಗುತ್ತಾಳೆ.

"ತಿರುಗ್ಲಿಲ್ಲ ನೋಡಿ ಸಾರ್," ಎನ್ನುತ್ತಾರೆ ಸಂಜೀವಪ್ಪ, ಏಳಲು ನನ್ನ ಕೈ ಹಿಡಿದುಕೊಂಡು. "ನಲವತ್ತು ವರ್ಷ ಏನೇನೋ ತಿರುಗೋ ಹಂಗೆ ಮಾಡಿದ್ದೀನಿ. ತಿರುಗ್ದೇ ಇರೋ ಹಂಗೆ ಮಾಡಿದ್ದಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ."

ಸಂಜೀವಪ್ಪ ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕುವಾಗ ಮಮತ ಹತ್ತಿರ ಬರುತ್ತಾರೆ. ಮಗಳು ಗಾಡಿಯನ್ನು ತಳ್ಳಿಕೊಂಡು ಓಣಿಯ ತಿರುವಿನಲ್ಲಿ ಕಾಯುತ್ತಿದ್ದಾಳೆ.

"ಅಣ್ಣ, ನಮ್ಮ ಹೊಲಿಗೆ ಮಿಷಿನ್ನಿನ ಗಾಲಿ ಒಂದು ವಾರದಿಂದ ಲೊಡಲೊಡ ಅಂತೈತೆ. ಬಿಡುವಾದಾಗ ಬಂದು ನೋಡ್ತೀರಾ?"

ಸಂಜೀವಪ್ಪ ಬೀಗದಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. "ಬರ್ತೀನಮ್ಮ, ಸಂಜೆಗೇ ಬರ್ತೀನಿ," ಎನ್ನುತ್ತಾರೆ. ಎರಡು ಹೆಜ್ಜೆ ನಡೆದವರು ತಿರುಗಿ ನಿಲ್ಲುತ್ತಾರೆ. "ಎಷ್ಟು ಸಡಿಲ ಬಿಡ್ಬೇಕು ಅಂತ ನೀವೇ ಹೇಳ್ಬೇಕು."